ನೀರು ಏರಿದರೆ ಮನೆಯೂ ಏರುತ್ತದೆ

ಮೊಬೈಲಿನಲ್ಲಿ ಓಡಾಡುವ ಆ ಚಿತ್ರವನ್ನು ನೀವೂ ನೋಡಿರುತ್ತೀರಿ. ಹಸಿರು ನೀರು, ಅದರ ಅಂಚಿನಿಂದಲೇ ನೆಟ್ಟಗೆ ಎದ್ದ ಸುಣ್ಣದ ಕಲ್ಲಿನ ಗುಡ್ಡ, ಗುಡ್ಡದ ಬುಡದಲ್ಲಿ ಸಾಲಾಗಿ ತೇಲುವ ಗುಡಿಸಲುಗಳು. ಬಾಗಿಲು ತೆರೆದು ಎರಡು ಹೆಜ್ಜೆ ಇಟ್ಟರೆ ನೀರು. ಅಣ್ಣಿಗೇರಿ, ಕುಂದಗೋಳದ ಮನೆಗಳಲ್ಲೂ ಈಗ ಇದು ಊಟದ ಹೊತ್ತಿನ ಮಾತಾಗಿದೆ. ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗನೋ ಸೊಸೆಯೋ ಫೋನ್ ಮುಂದೆ ಹಿಡಿದು, "ಈ ಸಲ ಎಲ್ಲಾರೂ ಕೂಡಿ ಇಲ್ಲಿಗೆ ಹೋಗೂಣು" ಅನ್ನುತ್ತಾರೆ. ನಮ್ಮ ಮನೆಯಲ್ಲಿ ಈ ಮಾತು ಬಂದಾಗ ದೊಡ್ಡವ್ವ ಚಿತ್ರವನ್ನು ಬಹಳ ಹೊತ್ತು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಉಣ್ಣೂದು, ಮಲಗೂದು ನೀರಿನ ಮ್ಯಾಲ ಖರೆ. ಹೊರಕಡಿಗೆ ಹೋಗೂದು ಎಲ್ಲಿ?"

ಎಲ್ಲರೂ ನಕ್ಕರು. ಆದರೆ ತೇಲುವ ಮನೆಯ ಬಗ್ಗೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಅದಕ್ಕೆ ಉತ್ತರ ಕೊಡುವ ಮೊದಲು ಆ ನೀರು ಯಾವುದು, ಅಲ್ಲಿಗೆ ಹೇಗೆ ಬಂತು ಎಂಬುದನ್ನು ಹೇಳಬೇಕು.

ಚಿತ್ರದಲ್ಲಿರುವುದು ದಕ್ಷಿಣ ಥಾಯ್ಲೆಂಡಿನ ಚಿಯಾವ್ ಲಾನ್. ಸೂರತ್ ಥಾನಿ ಎಂಬ ಪ್ರಾಂತ್ಯದಲ್ಲಿ, ಖಾವ್ ಸೋಕ್ ರಾಷ್ಟ್ರೀಯ ಉದ್ಯಾನದ ಒಳಗೆ ಅದು ಹರಡಿಕೊಂಡಿದೆ. (ಪ್ರಾಂತ್ಯದ ಹೆಸರನ್ನು ನಮ್ಮ ಗುಜರಾತಿನ ಸೂರತ್‌ನಿಂದಲೇ ಎತ್ತಿಕೊಂಡಿದ್ದಾರೆ, ಅಲ್ಲಿಯ ದೊಡ್ಡ ನದಿಗೆ ತಾಪಿ ಎಂಬ ಹೆಸರೂ ಇದೆ.) ಪ್ರವಾಸಿ ಕಂಪನಿಗಳು ಅದನ್ನು ಸರೋವರ ಎನ್ನುತ್ತವೆ. ನೋಡಿದವರಿಗೂ ಸಾವಿರಾರು ವರ್ಷಗಳಿಂದ ಅಲ್ಲೇ ಇದ್ದ ನೀರು ಅನ್ನಿಸುತ್ತದೆ. ಆದರೆ ಆ ನೀರಿಗೆ ಇನ್ನೂ ಐವತ್ತು ವರ್ಷ ತುಂಬಿಲ್ಲ. 1982ರಲ್ಲಿ ಕೆಲಸ ಶುರುವಾಗಿ 1987ರಲ್ಲಿ ಮುಗಿದ ರಾಚ್ಚಪ್ರಫಾ ಅಣೆಕಟ್ಟು ಒಂದು ಕಾಡು ಹೊಳೆಯನ್ನು ತಡೆದು ನಿಲ್ಲಿಸಿತು. ಎತ್ತರ 94 ಮೀಟರ್. ಹಿನ್ನೀರು 185 ಚದರ ಕಿಲೋಮೀಟರಿನಷ್ಟು ಹಬ್ಬಿತು. ಕಣಿವೆಯಲ್ಲಿದ್ದ ಹಲವು ನೂರು ಕುಟುಂಬಗಳು ಊರು ಬಿಟ್ಟವು. ಗುಡ್ಡದ ನೆತ್ತಿಗಳಷ್ಟೇ ನೀರ ಮೇಲೆ ಉಳಿದು ನೂರಕ್ಕೂ ಹೆಚ್ಚು ನಡುಗಡ್ಡೆಗಳಾದವು. ಪ್ರವಾಸಿಗರು ಇವತ್ತು ಫೋಟೋ ತೆಗೆಯುವುದು ಈ ನಡುಗಡ್ಡೆಗಳದ್ದೇ.

1987 ಅನ್ನುವ ಇಸವಿಯನ್ನು ಧಾರವಾಡ ಸೀಮೆಯವರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಅದೇ ವರ್ಷ ನಮ್ಮ ಮಗ್ಗುಲಲ್ಲೇ, ಉತ್ತರ ಕನ್ನಡದ ಗಣೇಶಗುಡಿಯಲ್ಲಿ, ಕಾಳಿ ನದಿಗೆ ಅಡ್ಡಲಾಗಿ ಸೂಪಾ ಅಣೆಕಟ್ಟು ಪೂರ್ತಿಯಾಯಿತು. ಎತ್ತರ 101 ಮೀಟರ್, ಉದ್ದ 332 ಮೀಟರ್, ತುಂಬಿದರೆ 147 ಟಿಎಂಸಿ ನೀರು. ಕಾಳಿಯೂ ಪಾಂಡರಿಯೂ ಕೂಡುವ ಜಾಗದಲ್ಲಿ ಸೂಪಾ ಎಂಬ ಊರಿತ್ತು. ಅದು ತಾಲ್ಲೂಕಿನ ಮುಖ್ಯ ಸ್ಥಳ. ಅಂಗಡಿ, ಕಚೇರಿ, ಸಾಲಿ, ಗುಡಿ ಎಲ್ಲವೂ ಇದ್ದ ಆ ಊರು ಸುತ್ತಲಿನ ಹಳ್ಳಿಗಳ ಜೊತೆಗೆ ಹಿನ್ನೀರಿನಡಿ ಹೋಯಿತು. ಜನರಿಗೆ ರಾಮನಗರದಲ್ಲಿ ಜಾಗ ಕೊಟ್ಟರು, ಕಚೇರಿಗಳು ಜೊಯಿಡಾಕ್ಕೆ ಬಂದವು. ಒಂದೇ ವರ್ಷ, ಹೆಚ್ಚುಕಡಿಮೆ ಒಂದೇ ಎತ್ತರ, ಎರಡೂ ಮಳೆಕಾಡು, ಎರಡೂ ಕರೆಂಟಿಗಾಗಿ ಕಟ್ಟಿದ್ದು. ಚಿಯಾವ್ ಲಾನ್ ಜಗತ್ತಿನ ಫೋನುಗಳಲ್ಲಿ ತೇಲುತ್ತಿದೆ. ಸೂಪಾ ಹಿನ್ನೀರಿನ ವಿಸ್ತಾರವನ್ನು ನವಲಗುಂದದ ಎಷ್ಟು ಮಂದಿ ಕಣ್ಣಾರೆ ಕಂಡಿದ್ದಾರೋ ನನಗೆ ಅನುಮಾನ. ಅಂಬಿಕಾನಗರದ ನಾಗಝರಿ ಕರೆಂಟು ನಮ್ಮ ಮನೆಯ ಬಲ್ಬಿಗೂ ಬಂದಿರಬಹುದು ಅನ್ನುವುದು ಬೇರೆ ಮಾತು.

ಇನ್ನು ಮನೆ ತೇಲಬೇಕಾದ್ದು ಯಾಕೆ? ಹೆಚ್ಚಿನವರು ಚೆಂದಕ್ಕೆ ಅಂದುಕೊಳ್ಳುತ್ತಾರೆ. ಕಾರಣ ಬೇರೆಯೇ ಇದೆ. ಹುಟ್ಟುಕೆರೆಯ ನೀರು ವರ್ಷಕ್ಕೆ ಮೊಳವೋ ಆಳೆತ್ತರವೋ ಏರಿಳಿಯುತ್ತದೆ, ಅದರ ದಂಡೆಗೆ ಒಂದು ಮನೆ ಕಟ್ಟಿ ನೂರು ವರ್ಷ ಇರಬಹುದು. ಅಣೆಕಟ್ಟಿನ ಹಿನ್ನೀರು ಹಾಗಲ್ಲ, ಅದೊಂದು ಬ್ಯಾಂಕಿನ ಖಾತೆ. ಮಳೆಗಾಲದಲ್ಲಿ ಜಮಾ, ಬೇಸಿಗೆಯುದ್ದಕ್ಕೂ ಖರ್ಚು. ಕರೆಂಟು ಬೇಕಾದಾಗಲೆಲ್ಲ ನೀರು ಬಿಡುತ್ತಾರೆ. ಮಳೆ ನಿಂತ ಅಕ್ಟೋಬರಿಗೂ ಮುಂದಿನ ಮೇ ಕೊನೆಗೂ ನಡುವೆ ನೀರಿನ ಮಟ್ಟ ಹತ್ತಾರು ಮೀಟರ್ ಕುಸಿಯುವುದು ಇಂಥ ಜಲಾಶಯಗಳಲ್ಲಿ ಮಾಮೂಲು. ದಂಡೆಗೆ ಹೋಟೆಲು ಕಟ್ಟಿದರೆ ಬೇಸಿಗೆಯಲ್ಲಿ ನೀರು ಅರ್ಧ ಕಿಲೋಮೀಟರ್ ದೂರ ಸರಿದು ನಡುವೆ ಬರೀ ರಾಡಿ ಉಳಿಯುತ್ತದೆ. ಬೇಸಿಗೆಯ ನೀರಿನ ಅಂಚಿಗೆ ಕಟ್ಟಿದರೆ ಆಗಸ್ಟಿನಲ್ಲಿ ಮಾಳಿಗೆಯೂ ಕಾಣುವುದಿಲ್ಲ. ಹಾಗಾಗಿ ಉಳಿಯುವ ದಾರಿ ಒಂದೇ: ನೀರು ಏರಿದರೆ ಮನೆಯೂ ಏರಬೇಕು, ಇಳಿದರೆ ಇಳಿಯಬೇಕು. ಉತ್ತರಾಖಂಡದ ತೆಹ್ರಿ ಜಲಾಶಯದ ಮೇಲೂ ಈಗ ತೇಲುವ ಗುಡಿಸಲುಗಳಿವೆ. ಅಲ್ಲಿಯೂ ಹಳೇ ತೆಹ್ರಿ ಪಟ್ಟಣ ನೀರಿನಡಿ ಇದೆ.

ತೇಲಿಸುವ ವಿದ್ಯೆ ಮಾತ್ರ ಬಹಳ ಸರಳ. ಮೊದಲು ಬಿದಿರಿನ ತೆಪ್ಪಗಳ ಮೇಲೆ ಗುಡಿಸಲು ಕಟ್ಟುತ್ತಿದ್ದರು. ಬಿದಿರು ನೀರು ಕುಡಿದು ಕೆಲವೇ ವರ್ಷಗಳಲ್ಲಿ ಭಾರವಾಗುತ್ತದೆ, ಬದಲಿಸಬೇಕು. ಈಗ ಅದರ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಹತ್ತಿಗೆ, ಮೆಣಸಿನಕಾಯಿಗೆ ಔಷಧ ಹೊಡೆಯುವಾಗ ನೀರು ತುಂಬಿಡುತ್ತೀರಲ್ಲ, ಆ 200 ಲೀಟರಿನ ನೀಲಿ ಡ್ರಮ್ಮನ್ನೇ ತೆಗೆದುಕೊಳ್ಳಿ. ಬಿರಡೆ ಬಿಗಿದು ಖಾಲಿ ಡ್ರಮ್ಮನ್ನು ನೀರಿಗೆ ಒತ್ತಿದರೆ ಪೂರ್ತಿ ಮುಳುಗುವ ಹೊತ್ತಿಗೆ ಅದು 200 ಲೀಟರ್ ನೀರನ್ನು ಪಕ್ಕಕ್ಕೆ ಸರಿಸಿರುತ್ತದೆ. ಅಷ್ಟು ನೀರಿನ ತೂಕ 200 ಕಿಲೋ. ಡ್ರಮ್ಮಿನ ಸ್ವಂತ ತೂಕ ಹತ್ತು ಕಿಲೋ ಆಸುಪಾಸು ಕಳೆದರೆ, 190 ಕಿಲೋ ಹೊರುವ ಶಕ್ತಿ ಅದಕ್ಕಿದೆ. ಇಂಥ 40 ಡ್ರಮ್ಮುಗಳ ಮೇಲೆ ಚೌಕಟ್ಟು ಕಟ್ಟಿ ಹಲಗೆ ಹಾಸಿದರೆ ಲೆಕ್ಕಕ್ಕೆ ಏಳೂವರೆ ಟನ್ ಹೊರಬೇಕು. ಬುದ್ಧಿ ಇದ್ದವರು ಅರ್ಧಕ್ಕಿಂತ ಹೆಚ್ಚು ಹೇರುವುದಿಲ್ಲ. ಒಂದೆರಡು ಡ್ರಮ್ಮು ಸೋರಿದರೂ ನೆಲ ವಾಲಬಾರದು.

ಗಾಳಿಗೆ ತೇಲಿಕೊಂಡು ಹೋಗದಂತೆ ದಪ್ಪ ಹಗ್ಗದಿಂದ ದಂಡೆಯ ಮರಕ್ಕೆ, ಬಂಡೆಗೆ ಬಿಗಿಯುತ್ತಾರೆ. ತಳಕ್ಕೆ ಭಾರ ಇಳಿಬಿಡುತ್ತಾರೆ. ನೀರಿನ ಮಟ್ಟ ಬದಲಾದ ಹಾಗೆ ಹಗ್ಗ ಸಡಿಲಿಸಿ ಎಳೆದು ಕಟ್ಟುವುದೇ ಅಲ್ಲಿಯ ಕೆಲಸದವರ ನಿತ್ಯದ ಉಸಾಬರಿ. ಮನೆಗಳ ನಡುವೆ ಓಡಾಡಲು ಹಲಗೆಯ ದಾರಿ. ಅದರ ಮೇಲೆ ನಾಲ್ಕು ಜನ ಒಟ್ಟಿಗೆ ನಡೆದರೆ ಕಾಲಡಿ ಸಣ್ಣಗೆ ಕುಣಿಯುತ್ತದೆ, ಹಲಗೆ ಸಂದಿಯಿಂದ ನೀರು ಪಿಚಕ್ಕನೆ ಚಿಮ್ಮುತ್ತದೆ. ಎರಡು ದಿನ ಅಲ್ಲಿದ್ದು ದಡಕ್ಕೆ ಇಳಿದರೆ ಗಟ್ಟಿ ನೆಲವೇ ತೂಗಿದಂತಾಗುತ್ತದೆ. ಮೊಣಕಾಲು ನೋವಿನ ಹಿರಿಯರನ್ನು ಕರೆದೊಯ್ಯುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಉದ್ದ ಮೂತಿಯ ದೋಣಿಯಿಂದ ತೆಪ್ಪಕ್ಕೆ ಹೆಜ್ಜೆ ಇಡುವುದೇ ಅವರಿಗೆ ದೊಡ್ಡ ಕಷ್ಟ, ಮತ್ತು ಆ ದೋಣಿಯಲ್ಲಿ ಒಂದು ತಾಸಿನ ಹಾದಿ ಇದೆ.

ಈಗ ದೊಡ್ಡವ್ವನ ಪ್ರಶ್ನೆ. ನಮ್ಮ ಕಡೆ ಕುಡಿಯುವ ನೀರಿನ ಕೆರೆಗೆ ಚಪ್ಪಲಿ ಬಿಟ್ಟು ಇಳಿಯುವ ರೂಢಿ. ನವಲಗುಂದ ಸೀಮೆಯ ಎರಿಭೂಮಿಯಲ್ಲಿ ಬೋರ್ ಕೊರೆದರೆ ಹೆಚ್ಚಿನ ಕಡೆ ಉಪ್ಪು ನೀರು. ಬಾಯಿಗೆ ಹಾಕುವ ನೀರೆಂದರೆ ಕೆರೆಯದ್ದು, ಕಾಲುವೆಯದ್ದು. ಕೆರೆಯಲ್ಲಿ ಕೈಕಾಲು ತೊಳೆದವನಿಗೆ ಊರೇ ಬೈಯುತ್ತಿತ್ತು. ಹೀಗೆ ಬೆಳೆದವಳಿಗೆ ನೀರಿನ ಮೇಲೆ ಪಾಯಖಾನೆ ಅನ್ನುವ ಕಲ್ಪನೆಯೇ ಒಗ್ಗುವುದಿಲ್ಲ. ಸಿಗುವ ಉತ್ತರವೂ ಮನೆಯಿಂದ ಮನೆಗೆ ಬೇರೆ. ಕೆಲವು ಕಡೆ ಪಾಯಖಾನೆಯನ್ನು ದಂಡೆಯ ಮೇಲೆ ಕಟ್ಟಿ ಹಲಗೆ ದಾರಿಯಿಂದ ಜೋಡಿಸಿರುತ್ತಾರೆ, ರಾತ್ರಿ ಟಾರ್ಚು ಹಿಡಿದು ಹೋಗಬೇಕು. ಕೆಲವು ಕಡೆ ತೆಪ್ಪದಡಿಯಲ್ಲೇ ಮುಚ್ಚಿದ ಟ್ಯಾಂಕು ಇಟ್ಟು, ತುಂಬಿದಾಗ ದೋಣಿಯಲ್ಲಿ ಸಾಗಿಸುತ್ತಾರೆ. ಇನ್ನು ಕೆಲವು ಕಡೆ ಆ ಪ್ರಶ್ನೆಗೆ ಮಾಲೀಕ ಮುಗುಳ್ನಗುತ್ತಾನೆ. ಕೋಣೆ ಕಾದಿರಿಸುವ ಮೊದಲು ದರ, ಎಸಿ, ವೈಫೈ ಎಲ್ಲ ಕೇಳುವ ನಾವು ಇದನ್ನೊಂದು ಕೇಳುವುದಿಲ್ಲ. ನಾನಾದರೆ ಉತ್ತರ ಸರಿಯಾಗಿ ಬಾರದ ಮನೆಗೆ ದುಡ್ಡು ಕಟ್ಟುವುದಿಲ್ಲ.

ನೀರು ತುಂಬುವಾಗ ಕಾಡಿನ ಪ್ರಾಣಿಗಳಿಗೆ ಏನಾಯಿತು ಅನ್ನುವುದು ಚಿಯಾವ್ ಲಾನ್‌ನಲ್ಲಿ ಚೆನ್ನಾಗಿ ದಾಖಲಾದ ಕಥೆ. ಗುಡ್ಡಗಳ ನೆತ್ತಿಗೆ, ಮರಗಳ ತುದಿಗೆ ಹತ್ತಿ ಸಿಕ್ಕಿಬಿದ್ದ ಪ್ರಾಣಿಗಳನ್ನು ಹಿಡಿದು ಸಾಗಿಸಲು ಥಾಯ್ ಅರಣ್ಯ ಇಲಾಖೆ ಒಂದು ತಂಡ ಕಳಿಸಿತು. ಅದರ ಮುಂದಾಳು ಸೂಬ್ ನಾಖಾಸಾಥಿಯನ್ ಎಂಬ ಅಧಿಕಾರಿ. ಕೈಯಲ್ಲಿದ್ದದ್ದು ಸಣ್ಣ ದೋಣಿ, ಬಲೆ, ಅಷ್ಟಿಷ್ಟು ಹಣ. ಅವರು ಸಾವಿರಕ್ಕೂ ಹೆಚ್ಚು ಪ್ರಾಣಿಗಳನ್ನು ಎತ್ತಿದರು, ಅವುಗಳಲ್ಲಿ ಬಹಳಷ್ಟು ಆಮೇಲೆ ಸತ್ತವು. ಅಣೆಕಟ್ಟು ಕಟ್ಟಿ ಪ್ರಾಣಿ ಉಳಿಸುತ್ತೇವೆ ಅನ್ನುವುದು ಆಗದ ಮಾತು ಎಂದು ಸೂಬ್ ಕಂಡುಕೊಂಡಿದ್ದು ಅಲ್ಲಿಯೇ. ಮುಂದೆ ಇನ್ನೊಂದು ಕಾಡು ಮುಳುಗಿಸಲಿದ್ದ ಅಣೆಕಟ್ಟನ್ನು ಅವರು ಬಲವಾಗಿ ವಿರೋಧಿಸಿದರು. 1990ರ ಸೆಪ್ಟೆಂಬರ್ 1ರಂದು, ತಾವು ಕಾಯುತ್ತಿದ್ದ ಹುವಾಯ್ ಖಾ ಖೇಂಗ್ ಅಭಯಾರಣ್ಯದಲ್ಲಿ, ಜೀವ ಕಳೆದುಕೊಂಡರು. ಮರುವರ್ಷ ಆ ಕಾಡು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ನಡುಗಡ್ಡೆಗಳ ಮೇಲೆ ಉಳಿದ ಇಲಿ, ಅಳಿಲುಗಳಂಥ ಸಣ್ಣ ಪ್ರಾಣಿಗಳನ್ನು ವಿಜ್ಞಾನಿಗಳು ವರ್ಷಗಟ್ಟಲೆ ಎಣಿಸಿದರು. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅವರ ವರದಿಯ ಪ್ರಕಾರ, ಸುಮಾರು 25 ವರ್ಷಗಳಲ್ಲಿ ಆ ನಡುಗಡ್ಡೆಗಳ ಮೂಲ ಸಣ್ಣ ಸಸ್ತನಿಗಳು ಹೆಚ್ಚುಕಡಿಮೆ ಪೂರ್ತಿ ಅಳಿದಿದ್ದವು. ಅವುಗಳ ಜಾಗದಲ್ಲಿ ಹೊರಗಿನಿಂದ ಬಂದ ಒಂದೇ ಜಾತಿಯ ಹೊಲದ ಇಲಿ ತುಂಬಿತ್ತು. ದೂರದಿಂದ ನೋಡಿದರೆ ಮರ ದಟ್ಟವಾಗಿದೆ, ಹಸಿರು ಕಣ್ಣಿಗೆ ಹಬ್ಬ. ಒಳಗೆ ಆ ಇಲಿ ಬಿಟ್ಟರೆ ಓಡಾಡುವ ಸಣ್ಣ ಪ್ರಾಣಿ ಇಲ್ಲದಂತಾಗಿದೆ. ಕಾಡನ್ನು ಚೂರು ಮಾಡಿದರೆ ಮರ ಉಳಿದರೂ ಕಾಡು ಉಳಿಯುವುದಿಲ್ಲ ಎಂಬುದಕ್ಕೆ ಈ ಪ್ರವಾಸಿ ತಾಣವೇ ಉದಾಹರಣೆ. ಸುತ್ತಲಿನ ಅಖಂಡ ಕಾಡಿನಲ್ಲಿ ಮಾತ್ರ ಗಿಬ್ಬನ್ ವಾನರಗಳ ಕೂಗು ಬೆಳಗಿನ ಜಾವ ಇನ್ನೂ ಕೇಳುತ್ತದೆ, ದೊಡ್ಡ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿಯುವ ಸದ್ದು ನೀರಿನ ಮೇಲೆ ಹಾದು ಹೋಗುತ್ತದೆ.

ಆ ಮಂಗಟ್ಟೆ ನಮ್ಮ ದಾಂಡೇಲಿಯದೇ ಜಾತಿ. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಕೂತು ಅದರ ಬಾಯಿ ಮೆತ್ತಿಕೊಂಡು ಮೊಟ್ಟೆ ಇಡುವುದು, ಉಳಿದ ಸಂದಿಯಿಂದ ಗಂಡು ತಿಂಗಳುಗಟ್ಟಲೆ ಹಣ್ಣು ತಂದು ಉಣಿಸುವುದು, ಎಲ್ಲ ಒಂದೇ ಸಂಸಾರ. ವಿಮಾನ ಹತ್ತುವ ಮೊದಲು ಅದನ್ನು ಇಲ್ಲೇ ನೋಡಿಕೊಂಡು ಹೋಗಬಹುದು. ಗಣೇಶಗುಡಿಯಲ್ಲಿ ಸೂಪಾ ಕಟ್ಟುವಾಗ ಸಿಡಿಮದ್ದು ದಾಸ್ತಾನು ಇಡಲು ಕಟ್ಟಿದ್ದ ಕಟ್ಟಡ ಈಗ ಜಂಗಲ್ ಲಾಡ್ಜಸ್‌ನವರ ವಸತಿ, ಹೆಸರು 'ಓಲ್ಡ್ ಮ್ಯಾಗಜೀನ್ ಹೌಸ್'. ಮುಂದೆ ಹಕ್ಕಿಗಳಿಗಾಗಿ ಸಣ್ಣ ನೀರಿನ ತೊಟ್ಟಿಗಳನ್ನು ಇಟ್ಟಿದ್ದಾರೆ. ಬಂಡೆ ಸಿಡಿಸಲು ಮದ್ದು ಕಾದಿಟ್ಟ ಗೋಡೆಗೆ ಬೆನ್ನು ಕೊಟ್ಟು ಹಕ್ಕಿ ಮೀಯುವುದನ್ನು ನೋಡುತ್ತ ಕೂರಬಹುದು. ಸೂಪಾಕ್ಕೆ ತೇಲುವ ಮನೆಗಳಿಲ್ಲ, ತೇಲುವ ಆಟ ಇದೆ: ಅಣೆಕಟ್ಟಿನ ಕೆಳಗೆ, ಗಣೇಶಗುಡಿಯಿಂದ ಮೌಳಂಗಿ ಕಡೆಗೆ ರಬ್ಬರ್ ತೆಪ್ಪದ ರಾಫ್ಟಿಂಗ್. ಅಲ್ಲಿಯೂ ಹೊಳೆಯ ಹರಿವು ಮೇಲೆ ಕರೆಂಟಿಗಾಗಿ ಎಷ್ಟು ನೀರು ಬಿಟ್ಟರು ಎಂಬುದರ ಮೇಲೆ ನಿಂತಿದೆ. ಬೇಸಿಗೆಯಲ್ಲಿ ಬೇರೆ ಹೊಳೆಗಳೆಲ್ಲ ಬತ್ತಿರುವಾಗ ಕಾಳಿ ಭೋರ್ಗರೆಯುವುದು ಮಳೆಯಿಂದಲ್ಲ, ಟರ್ಬೈನಿನಿಂದ.

ನಮ್ಮವರಿಗೆ ಆ ಕಾಡು ಹೊಸದೂ ಅಲ್ಲ. ಭಾರತ ಹುಣ್ಣಿಮೆಯ ಹೊತ್ತಿಗೆ ಉಳವಿ ಚನ್ನಬಸವಣ್ಣನ ಜಾತ್ರೆಗೆ ಧಾರವಾಡ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಿಂದ ಚಕ್ಕಡಿಗಳು ಸಾಲುಗಟ್ಟಿ ಹಳಿಯಾಳ, ದಾಂಡೇಲಿ ದಾಟಿ ಈ ಕಾಡಿಗೇ ನುಗ್ಗುತ್ತವೆ. ಕೊಲ್ಲಾರಿ ಕಟ್ಟಿದ ಬಂಡಿಯಲ್ಲಿ ಅಜ್ಜಿ, ಮೊಮ್ಮಕ್ಕಳು, ಬುತ್ತಿ, ಎತ್ತಿಗೆ ಮೇವು. ಕತ್ತಲಾದಲ್ಲಿ ಕೊಳ್ಳು ಹರಿದು ಒಲೆ ಹೂಡುವುದು. ಇಡೀ ಮನೆ ಮನೆಯನ್ನೇ ಹೊತ್ತು ಕಾಡಿಗೆ ಹೋಗುವ ಪ್ರವಾಸ ಇದಕ್ಕಿಂತ ದೊಡ್ಡದು ಯಾವುದಿದೆ? ಕಲಘಟಗಿ ದಾಟಿದ ಮೇಲೆ ಕರಿಮಣ್ಣು ಮುಗಿದು ಕೆಂಪು ಮಣ್ಣು, ಭತ್ತದ ಗದ್ದೆ, ಆಮೇಲೆ ಸಾಗವಾನಿ ಶುರುವಾಗುವುದನ್ನು ಬಂಡಿಯ ವೇಗದಲ್ಲಿ ಕಂಡವರು ಮಳೆಕಾಡು ಎಂದರೇನು ಎಂಬುದನ್ನು ಪುಸ್ತಕ ಓದಿ ತಿಳಿಯಬೇಕಿಲ್ಲ.

ನೀರಿನ ವಿಷಯ ಬೇರೆ. ಎರಿಸೀಮೆಯ ನಮ್ಮಲ್ಲಿ ಹೆಚ್ಚಿನವರಿಗೆ ಈಜು ಬಾರದು. ಇದನ್ನು ಮರೆತು ದೋಣಿ ಹತ್ತಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಡ. ಇದೇ ಕಾಳಿ ಕಡಲು ಸೇರುವ ಕಾರವಾರದಲ್ಲಿ, 2019ರ ಜನವರಿ 21ರಂದು, ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅವರಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರಿದ್ದರು, ಮಕ್ಕಳೂ ಇದ್ದರು. ದೋಣಿಯಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ಜನರಿದ್ದರು. ಕಾಡಿನ ಜಲಾಶಯದ ಲೆಕ್ಕಕ್ಕೆ ಬಂದರೆ ಕೇರಳದ ತೇಕ್ಕಡಿ. 1895ರ ಮುಲ್ಲಪೆರಿಯಾರ್ ಅಣೆಕಟ್ಟಿನ ಹಿನ್ನೀರಿನಲ್ಲಿ 2009ರ ಸೆಪ್ಟೆಂಬರ್ 30ರಂದು 'ಜಲಕನ್ಯಕಾ' ಎಂಬ ಎರಡಂತಸ್ತಿನ ದೋಣಿ ಉರುಳಿ 45 ಜನ ಮುಳುಗಿದರು. ದಂಡೆಗೆ ಬಂದ ಪ್ರಾಣಿಗಳನ್ನು ನೋಡಲು ಜನ ಒಂದೇ ಮಗ್ಗುಲಿಗೆ ಸರಿದರು ಎಂಬುದು ಆಗ ಬಂದ ವರದಿ. ಮೇಲಂತಸ್ತಿನಲ್ಲಿ ಭಾರ ಹೆಚ್ಚಿದಷ್ಟೂ ದೋಣಿ ತಲೆಭಾರವಾಗುತ್ತದೆ, ಸ್ವಲ್ಪ ವಾಲಿದರೂ ಮರಳಿ ನೆಟ್ಟಗಾಗುವ ಶಕ್ತಿ ಕುಂದುತ್ತದೆ. ಅಗಲವಾಗಿ, ತಗ್ಗಾಗಿ ಹರಡಿದ ತೆಪ್ಪದ ಮನೆ ಹೀಗೆ ಸುಲಭಕ್ಕೆ ಮಗುಚುವುದಿಲ್ಲ. ಅಪಾಯ ಇರುವುದು ಮನೆಗೆ ಹೋಗುವ ದೋಣಿಯಲ್ಲಿ ಮತ್ತು ಕಟಾಂಜನ ಇಲ್ಲದ ಜಗಲಿಯಲ್ಲಿ. ಚಿಕ್ಕ ಮಕ್ಕಳಿದ್ದರೆ ಹಗಲಿಡೀ ಲೈಫ್ ಜಾಕೆಟ್ ತೊಡಿಸಿಯೇ ಬಿಡಬೇಕು, ಸೆಕೆ ಅಂದರೂ ಕೇಳಬಾರದು. ಚಿಯಾವ್ ಲಾನ್‌ನಲ್ಲಿ ಮಳೆಗಾಲದಲ್ಲಿ ಗವಿಗಳಿಗೆ ಕರೆದೊಯ್ಯುತ್ತೇವೆ ಎಂದರೆ ಒಲ್ಲೆ ಅನ್ನಿ. 2007ರ ಅಕ್ಟೋಬರಿನಲ್ಲಿ ನಾಮ್ ತಾಲು ಗವಿಗೆ ದಿಢೀರ್ ನುಗ್ಗಿದ ನೀರಿಗೆ ಪ್ರವಾಸಿಗರೂ ಮಾರ್ಗದರ್ಶಿಗಳೂ ಬಲಿಯಾಗಿದ್ದಾರೆ.

ಊಟದ ಬಗ್ಗೆ ಒಂದು ಮಾತು, ಯಾಕಂದರೆ ನಮ್ಮ ಮನೆಗಳಲ್ಲಿ ಪ್ರವಾಸ ಮುರಿದು ಬೀಳುವುದು ಅಲ್ಲಿಯೇ. ಥಾಯ್ ಅಡುಗೆಯಲ್ಲಿ ಕಾಯಿಪಲ್ಲೆಗೂ ಮೀನಿನ ರಸ ಬೀಳುತ್ತದೆ. 'ಮಾಂಸ ಬೇಡ' ಅಂದರೆ ಸಾಲದು, 'ಜೇ' ಎಂದು ಹೇಳಬೇಕು. ಅದು ಅಲ್ಲಿಯ ಚೀನೀ ಬೌದ್ಧ ವ್ರತದ ಊಟ. ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಉಳ್ಳಾಗಡ್ಡಿ, ಬಳ್ಳೊಳ್ಳಿ ಕೂಡ ಇರುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿಕೊಂಡು ಹೋಗುವವರು ರೊಟ್ಟಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು. ಮಳೆಕಾಡಿನ ಹಸಿಗಾಳಿಗೆ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಒಂದೇ ರಾತ್ರಿಗೆ ಮೆತ್ತಗಾಗಿ ಹಿಡಿದರೆ ಬಾಗುತ್ತದೆ. ದುಡ್ಡು, ಪಾಸ್‌ಪೋರ್ಟ್ ಆಗದವರಿಗೆ ಕಾಸರಗೋಡಿನ ವಲಿಯಪರಂಬ ಹಿನ್ನೀರಿನ ದೋಣಿಮನೆಗಳಿವೆ. ಕಾಡಿಲ್ಲ, ತೆಂಗಿನ ತೋಟವಿದೆ. ರಾತ್ರಿ ನೀರಿನ ಮೇಲೆ ಮಲಗುವ ಆಸೆಗೆ ಅಷ್ಟು ಸಾಕು.

ಸೂಪಾದಲ್ಲೂ ತೇಲುವ ಮನೆ ಬರಲಿ ಎಂದು ಆಗಾಗ ಕೇಳುವವರು ಸಿಗುತ್ತಾರೆ. ನನಗೆ ಅದು ಬೇಡ. ಸುತ್ತಲಿನ ಕಾಡು 2007ರಿಂದ ಹುಲಿ ಸಂರಕ್ಷಿತ ಪ್ರದೇಶ, 2015ರಿಂದ ಅದರ ಹೆಸರೇ ಕಾಳಿ. ಕೆಳಗೆ ದಾಂಡೇಲಿಯವರು ಕುಡಿಯುವುದು ಇದೇ ಹೊಳೆಯ ನೀರು. ಮೋಟಾರು ದೋಣಿಯ ಸದ್ದು, ಜನರೇಟರಿನ ಹೊಗೆ, ದೊಡ್ಡವ್ವ ಕೇಳಿದ ಆ ಪ್ರಶ್ನೆ ಮೂರಕ್ಕೂ ಉತ್ತರ ಸಿಗುವವರೆಗೆ ಬೇಡ. ಇನ್ನೊಂದು ಕಾರಣ ಸ್ವಲ್ಪ ಕಹಿ. ನವಲಗುಂದ, ನರಗುಂದದ ರೈತರು ಮಹಾದಾಯಿ ನದಿಯ ನೀರಿಗಾಗಿ 2015ರಿಂದ ವರ್ಷಗಟ್ಟಲೆ ಧರಣಿ ಕೂತರು. ನ್ಯಾಯಮಂಡಳಿಯ 2018ರ ತೀರ್ಪಿನಲ್ಲಿ ಕಳಸಾ-ಬಂಡೂರಿ ಮೂಲಕ ಮಲಪ್ರಭೆಗೆ ಸಿಕ್ಕಿದ್ದು 3.9 ಟಿಎಂಸಿ, ಅದೂ ಇನ್ನೂ ಕಾಲುವೆಗೆ ಬಂದಿಲ್ಲ. ಮಲಪ್ರಭೆಯ ನವಿಲುತೀರ್ಥ ಜಲಾಶಯ ಪೂರ್ತಿ ತುಂಬಿದರೂ 37 ಟಿಎಂಸಿ ಚಿಲ್ಲರೆ. ಅಂಥ ಊರಿನವರು ಸೂಪಾದ 147 ಟಿಎಂಸಿ ನೋಡಿ ಸುಮ್ಮನೆ ಫೋಟೋ ತೆಗೆಯುವುದು ಸುಲಭವಲ್ಲ. ನಾವು ಹೋದಾಗ ನಮ್ಮ ಕಾಕಾ ದಂಡೆಗೆ ನಿಂತು, "ಈ ನೀರಿನ ಬುಡದಾಗ ಯಾರ ಯಾರ ಹೊಲ ಅದಾವೋ" ಅಂದ. ಆಮೇಲೆ ಎಕರೆಗೆ ಎಷ್ಟು ನೀರು ಎಂದು ಲೆಕ್ಕಕ್ಕೇ ಬಿದ್ದ.

ಹೋಗುವವರು ತಿಂಗಳು ನೋಡಿ ಹೋಗಬೇಕು. ಮಕ್ಕಳಿಗೆ ರಜೆ ಸಿಗುವ ಏಪ್ರಿಲ್-ಮೇನಲ್ಲಿ ಸೂಪಾ ಹಿನ್ನೀರು ಇಳಿದು ದಂಡೆಯ ಸುತ್ತ ಕೆಂಪು ಮಣ್ಣಿನ ಅಗಲ ಪಟ್ಟೆ ಬಿದ್ದಿರುತ್ತದೆ; ರಾಫ್ಟಿಂಗಿಗೆ ಒಳ್ಳೆಯದು, ಚಿತ್ರಕ್ಕೆ ಅಲ್ಲ. ನೀರು ಕಣ್ತುಂಬ ನೋಡಬೇಕೆಂದರೆ ದಸರೆ ರಜೆಯ ಹೊತ್ತು ಸರಿ. ಚಿಯಾವ್ ಲಾನ್‌ಗಾದರೆ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಣ ಹವೆ. ಅಷ್ಟು ಹೊತ್ತಿಗೆ ನಮ್ಮಲ್ಲಿ ಕಡಲಿ, ಬಿಳಿಜೋಳದ ಸುಗ್ಗಿ ಶುರುವಾಗಿರುತ್ತದೆ, ಹೊಲ ಬಿಟ್ಟು ಹೊರಡಲು ಮನೆಯ ಹಿರಿಯರು ಒಪ್ಪಬೇಕು.